ವ್ಯೋಮಿಂಗ್‌ನಲ್ಲಿ ಎಲ್ಕ್ ಬೇಟೆ: ಗೈಡ್‌ಗೆ ಟಿಪ್ ಎಷ್ಟು ಕೊಡ್ಬೇಕು?

ಡೆನ್ವರ್ ಕನ್ನಡಿಗ:
ಎಲ್ರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಆಫೀಸಿನ ಇಬ್ರ ಜೊತೆ ವ್ಯೋಮಿಂಗ್‌ಗೆ ಎಲ್ಕ್ (ಇಲ್ಲಿನ ದೊಡ್ಡ ಜಾತಿ ಜಿಂಕೆ) ಬೇಟೆಗೆ ಹೊರಟಿದೀನಿ, ನಂಗಿದು ಮೊದಲ್ನೇ ಸಲ. ವೈಲ್ಡರ್‌ನೆಸ್ ಏರಿಯಾದಲ್ಲಿ, ಅಂದ್ರೆ ರಸ್ತೆ ಇಲ್ಲದ ಸಂರಕ್ಷಿತ ಕಾಡಲ್ಲಿ, ಹೊರಗಿನ ರಾಜ್ಯದವ್ರು ಗೈಡ್ ಇಲ್ದೆ ಎಲ್ಕ್ ಬೇಟೆ ಆಡೋ ಹಾಗಿಲ್ಲ, ಅದಕ್ಕೆ ಕುದುರೆ ಟೆಂಟು ಊಟ ಎಲ್ಲಾ ಸೇರಿ ಐದು ದಿನಕ್ಕೆ ತಲೆಗೆ 7000 ಡಾಲರ್ ಕಟ್ಟಿದೀವಿ. ಈಗ ಜೊತೆಯವ್ರು ಟಿಪ್‌ಗೆ ಬೇರೆ ದುಡ್ಡು ಎತ್ತಿಡು ಅಂತಿದಾರೆ. ಹೋಟ್ಲಲ್ಲಾದ್ರೆ ಲೆಕ್ಕ ಗೊತ್ತು, ಇಲ್ಲಿ ಎಷ್ಟು, ಯಾರ ಕೈಗೆ, ಯಾವಾಗ? ಪ್ರಾಣಿ ಸಿಗದೇ ಇದ್ರೂ ಕೊಡ್ಬೇಕಾ? ಕಮ್ಮಿ ಕೊಟ್ಟು ಆ ಮನುಷ್ಯನ ಮನಸ್ಸು ನೋಯಿಸೋಕೆ ಇಷ್ಟ ಇಲ್ಲ.

ಮೊಂಟಾನಾ ಮಾವ:
ಸಾಮಾನ್ಯವಾಗಿ ಬೇಟೆ ರೇಟಿನ 10ರಿಂದ 20 ಪರ್ಸೆಂಟ್. ನಿಮ್ಗೆ 700ರಿಂದ ಶುರು, 1000 ಕೊಟ್ರೆ ಯಾರೂ ಮುಖ ಸಣ್ಣ ಮಾಡಲ್ಲ. ಲೈಸೆನ್ಸ್ ಫೀಸು ಲೆಕ್ಕಕ್ಕೆ ಸೇರಿಸ್ಬೇಡಿ, ಅದು ಸರ್ಕಾರಕ್ಕೆ ಹೋಗೋದು. ನೀವು ದುಡ್ಡು ಕಟ್ಟಿರೋದು ಔಟ್‌ಫಿಟ್ಟರ್‌ಗೆ ಅಂದ್ರೆ ಧಣಿಗೆ, ನಿಮ್ಜೊತೆ ಗುಡ್ಡ ಹತ್ತೋನು ಬಹಳ ಕಡೆ ಅವನ ಹತ್ರ ದಿನದ ಲೆಕ್ಕದಲ್ಲಿ ದುಡಿಯೋನು, ಸೀಸನ್ ಮುಗಿದ್ರೆ ಅದೂ ಇಲ್ಲ. ಅದಕ್ಕೆ ಕೊನೇ ದಿನ ಹೊರಡೋವಾಗ ಕವರಲ್ಲಿ ಹಾಕಿ ಅವನ ಕೈಗೇ ಕೊಡಿ. ಅಡುಗೆಯವ್ರಿಗೆ, ಕುದುರೆ ನೋಡ್ಕೊಳೋ ಹುಡುಗನಿಗೆ ಬೇರೆ ಕವರ್, ತಲಾ 100 ಆದ್ರೂ. ಕೆಲವು ಕ್ಯಾಂಪಲ್ಲಿ ಎಲ್ಲಾ ಒಟ್ಟು ಹಾಕಿ ಹಂಚ್ಕೊತಾರೆ, ಮೊದಲೇ ಕೇಳ್ಬಿಡಿ. ಕ್ಯಾಶ್ ಊರಲ್ಲೇ ತಗೊಳಿ, ಮೇಲೆ ಎಟಿಎಮ್ಮೂ ಇಲ್ಲ ಸಿಗ್ನಲ್ಲೂ ಇಲ್ಲ.

ಬಯಲುಸೀಮೆ:
ಪ್ರಾಣಿ ಸಿಗ್ಲಿಲ್ಲ ಅಂತ ದಯವಿಟ್ಟು ಕಡಿತ ಮಾಡ್ಬೇಡಿ. ನಾನು ಹೋದ ವರ್ಷ ಕೊಲೊರಾಡೋದಿಂದ ಬರಿಗೈಲಿ ಬಂದೆ. ನಮ್ಮ ಗೈಡ್ ಬೆಳಗಿನ ಜಾವ ಮೂರೂವರೆಗೆ ಎದ್ದು ಹೆಡ್‌ಲ್ಯಾಂಪ್ ಬೆಳಕಲ್ಲಿ ಕುದುರೆಗೆ ಜೀನು ಬಿಗಿಯೋನು, ಅದಕ್ಕೂ ಮುಂಚೆ ಅದರ ಬೆನ್ನ ಮೇಲಿನ ಮಂಜನ್ನ ಬರಿಗೈಲಿ ಒರೆಸೋನು. ನಾಲ್ಕನೇ ದಿನ ಒಂದು ಗಂಡು ಕಾಣಿಸ್ತು, ಅರ್ಧ ಮರದ ಮರೆಗೆ, ಭುಜ ಸರಿಯಾಗಿ ಕಾಣ್ತಿರ್ಲಿಲ್ಲ, ನಾನು ಹೊಡೆದೇ ಬಿಡೋಣ ಅಂತಿದ್ದೆ, ಅವನು ತೋಳು ಮುಟ್ಟಿ ಬೇಡ ಅಂದ, ಗಾಯ ಆಗಿ ಓಡಿದ್ರೆ ಎಲ್ಲೋ ನರಳಿ ಸಾಯುತ್ತೆ ಅಂತ. ಆ ಒಂದು ಮಾತಿಗೇ 20 ಪರ್ಸೆಂಟ್ ಕೊಟ್ಟೆ. ಸೋಮಾರಿತನ ಮಾಡಿದ್ರೆ, ಸೇಫ್ಟಿ ನೋಡದೇ ಇದ್ರೆ ಕಮ್ಮಿ ಮಾಡಿ, ಅದು ಬೇರೆ.

ತೀರ್ಥಹಳ್ಳಿ ಕಡೆಯವ:
ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಆ ಕಾಲ ಮುಗೀತು, ಆದ್ರೆ ಅಜ್ಜ ಹೇಳೋರು, ಹಂದಿ ಬಿದ್ರೆ ಈಡು ಹೊಡೆದವ್ನಿಗೆ ಮಾತ್ರ ಅಲ್ಲ ಹಳು ಸೋವಿ ಪ್ರಾಣಿ ಎಬ್ಬಿಸಿದವ್ರಿಗೂ ನಾಯಿ ತಂದವ್ನಿಗೂ ಪಾಲಂತೆ. ಅಲ್ಲೂ ಎಲ್ಕ್ ಬಿದ್ಮೇಲೇ ನಿಜವಾದ ಕೆಲ್ಸ. ಒಂದೊಂದು ಹಿಂದೊಡೆನೇ 60-70 ಪೌಂಡ್ ತೂಗುತ್ತೆ, ಚರ್ಮ ಸುಲಿದು ತುಂಡು ಮಾಡಿ ಮಾಂಸ ಕೆಡೋ ಮುಂಚೆ ಕುದುರೆಗೆ ಹೇರಿ ಇಳಿಸ್ಬೇಕು. ಅಂಥ ರಾತ್ರಿ ಬಂದ್ರೆ ಕೈ ಬಿಗಿ ಹಿಡೀಬೇಡಿ. ಚಾಕು, ಜಾಕೆಟ್ಟು ಗಿಫ್ಟ್ ಕೊಡಿ, ಆದ್ರೆ ದುಡ್ಡಿನ ಬದಲಿಗೆ ಅಲ್ಲ.

ಡೆನ್ವರ್ ಕನ್ನಡಿಗ:
ತುಂಬಾ ಥ್ಯಾಂಕ್ಸ್. ಇನ್ನೊಂದೇ ಡೌಟು, ನಂಗೂ ಜೊತೆಯವ್ರಲ್ಲಿ ಒಬ್ರಿಗೂ ಸೇರಿ ಒಬ್ನೇ ಗೈಡ್ ಅಂತೆ, ಟಿಪ್ ಇಬ್ರೂ ಸೇರಿ ಒಂದು ಕೊಟ್ರೆ ಸಾಕಾ?

ಮೊಂಟಾನಾ ಮಾವ:
ಇಲ್ಲ, ಇಬ್ರೂ ಬೇರೆ ಬೇರೆ, ಅವರವರು ಕಟ್ಟಿರೋದ್ರ ಮೇಲೆ. ಅವನು ಇಬ್ರ ಮಾಂಸನೂ ಹೊರ್ತಾನಲ್ಲ.

ಡೆನ್ವರ್ ಕನ್ನಡಿಗ:
ಸರಿ, ಹಾಗಾದ್ರೆ 1000 ಒಂದು ಕವರ್, 100ರದ್ದು ಎರಡು, ಎಲ್ಕ್ ಬಿದ್ರೆ ಸೇರಿಸೋಕೆ ಇನ್ನೊಂದು 400 ಬೇರೆ. ನಾಳೆನೇ ಬ್ಯಾಂಕಿಗೆ ಹೋಗ್ತೀನಿ.