ಮಹದೇವಪೇಟೆಯ ಹೆಂಚಿನ ಮನೆ ಬಗ್ಗೆ, ಪುಟ್ಟನಿಗೆ

ಪುಟ್ಟಾ, ನಾನು ಅತ್ತೆ. ಟೈಪ್ ಮಾಡಲು ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೆ ವಾಯ್ಸ್ ಹಾಕುತ್ತಿದ್ದೇನೆ. ಉದ್ದ ಆಗುತ್ತದೆ, ಬಸ್ಸಿನಲ್ಲಿ ಹೋಗುವಾಗ ಕೇಳು. ನಿನ್ನೆ ನಮ್ಮ ಮನೆಯವರ ಗ್ರೂಪಿನಲ್ಲಿ ಪುಟ್ಟ ಹಾಕಿದ ಫೋಟೋ ನೋಡದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಮಡಿಕೇರಿ ಮಹದೇವಪೇಟೆಯಲ್ಲಿ, ಚೌಕಿಯಿಂದ ರಾಜರ ಗದ್ದುಗೆ, ಅಂದರೆ ಸಮಾಧಿ ಕಡೆ ಹೋಗುವಾಗ ಒಳಗೆ ಒಂದು ಸಂದಿ. ಅಲ್ಲೊಂದು ಹಳೆ ಹೆಂಚಿನ ಮನೆ. ಎರಡು ಪೋರ್ಷನ್, ಎರಡರಲ್ಲೂ ಬಾಡಿಗೆಗೆ ಜನ ಇದ್ದಾರೆ. 62 ಲಕ್ಷ ಹೇಳುತ್ತಿದ್ದಾರೆ. ಇವನಿಗೆ ಅದನ್ನು ತಗೊಂಡು ಬಾಡಿಗೆಗೇ ಬಿಡುವ ಆಸೆ. ಅಣ್ಣ ಬೆಳಿಗ್ಗೆ, "ಹಳೆ ಪೇಟೆಯ ಉಸಾಬರಿ ಯಾಕೆ, ಊರ ಹೊರಗೆ ಹೊಸ ಮನೆ ನೋಡು" ಅಂತ ಬರೆದಿದ್ದಾನೆ.

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡ, ನಾನು ಹುಡುಗನ ಕಡೆ. ಪೂರ್ತಿ ಅಲ್ಲ, ಅರ್ಧ.

ಈ ಊರಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬರುವವರು ಯಾರು ಹೇಳು? ವರ್ಗಾವಣೆಯಾಗಿ ಬಂದ ಸರ್ಕಾರಿ ನೌಕರರು, ಬ್ಯಾಂಕಿನವರು, ಶಾಲೆ ಮೇಷ್ಟ್ರುಗಳು. 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ನರ್ಸುಗಳು, ಓದುವ ಮಕ್ಕಳು. ಇವರಲ್ಲಿ ಎಷ್ಟು ಜನರ ಹತ್ತಿರ ಕಾರು ಉಂಟು? ನೈಟ್ ಡ್ಯೂಟಿ ಮುಗಿಸಿದ ಹುಡುಗಿ ಆ ಮಳೆಯಲ್ಲಿ ಆಟೋಗೆ ಕಾಯಬಾರದು, ನಡೆದು ಬಂದು ಮಲಗುವಂತಿರಬೇಕು. ಹಾಲು, ತರಕಾರಿ, ಶುಕ್ರವಾರದ ಸಂತೆ ಕಾಲಳತೆಯಲ್ಲಿರಬೇಕು. ಕಿಟಕಿಯಲ್ಲಿ ಬೆಟ್ಟ, ಮಂಜು ಬೇಕೆನ್ನುವವರು ಶನಿವಾರ ಬಂದು ಭಾನುವಾರ ಹೋಗುವವರು. ಅವರಿಗೆ ಹೋಂಸ್ಟೇಗಳುಂಟು. ಆದ್ದರಿಂದ ಪೇಟೆ ಒಳಗೆ ಮನೆ ಖಾಲಿ ಬಿದ್ದದ್ದನ್ನು ನಾನು ಜಾಸ್ತಿ ನೋಡಿಲ್ಲ.

ಇನ್ನೊಂದು ವಿಷಯ, 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದದ್ದು. ಅಣ್ಣ ಆಗ ಬೆಂಗಳೂರಿನಲ್ಲಿ ಟಿವಿಯಲ್ಲಿ ನೋಡಿದ್ದು, ನಾವು ಇಲ್ಲಿದ್ದೆವು. ಇಂದಿರಾನಗರ, ಚಾಮುಂಡೇಶ್ವರಿ ನಗರದ ಜನ ಮಕ್ಕಳನ್ನು ಎತ್ತಿಕೊಂಡು ಓಡಿದರು. ಬೆಟ್ಟದ ಬದಿ ಕಡಿದು ಮಟ್ಟ ಮಾಡಿದ ಜಾಗ. ಬೇರೆ ಕಡೆ ಕೊಳ್ಳಲು ಕೈಲಾಗದವರು ಅಲ್ಲಿ ಕಟ್ಟಿಕೊಂಡಿದ್ದರು, ಅವರನ್ನು ಏನೂ ಅನ್ನುವಂತಿಲ್ಲ. ಆದರೆ ಈಗ ದುಡ್ಡಿದ್ದವರೂ ವ್ಯೂ ಅಂತ ಬರೆ, ಅಂದರೆ ಬೆಟ್ಟದ ಕಡಿದಾದ ಮಣ್ಣಿನ ಬದಿ, ಅದನ್ನು ಕಡಿದೇ ಕಟ್ಟುತ್ತಿದ್ದಾರಲ್ಲ, ಅದಕ್ಕೆ ನನ್ನ ತಕರಾರು. ಹೊಸ ಮನೆಯೆಂದರೆ ಗಟ್ಟಿ ಅಂತ ಏನಿಲ್ಲ. ನೂರು ಮಳೆಗಾಲ ಕಂಡು ನಿಂತ ಗೋಡೆ ಒಂದು ಲೆಕ್ಕದಲ್ಲಿ ಪರೀಕ್ಷೆ ಪಾಸಾಗಿದೆ. ಹಾಗಂತ ಹಳೆ ಪೇಟೆಯಲ್ಲೂ ಹಿತ್ತಲಿಗೆ ಬರೆ ಇರುವ ಮನೆಗಳುಂಟು. ನಿನ್ನ ಮನೆಯ ಹಿಂದೆ ಏನಿದೆ, ಯಾವ ಫೋಟೋದಲ್ಲೂ ಇಲ್ಲ. ಮುಂದಿನ ಜಗಲಿಯದ್ದೇ ಎಂಟು ಫೋಟೋ! ಹಿಂದೆ ಬರೆ ಇದ್ದರೆ ತಡೆಗೋಡೆ ಉಂಟಾ, ಗೋಡೆಯಲ್ಲಿ ನೀರು ಹೊರಬರಲು ತೂತು ಬಿಟ್ಟಿದ್ದಾರಾ ನೋಡು. ತೂತಿಲ್ಲದ ತಡೆಗೋಡೆ ಒಳಗೆ ನೀರು ತುಂಬಿಕೊಂಡು ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ರಾತ್ರಿ ಅಡಿಗೆಮನೆಗೇ ಬರುತ್ತದೆ.

ಸರಿ, ನೀನು ಹೋಗಿ ನೋಡಿದ್ದು ಯಾವಾಗ? ಏಪ್ರಿಲಿನಲ್ಲಿ. ಏಪ್ರಿಲಿನಲ್ಲಿ ಮಡಿಕೇರಿಯ ಯಾವ ಮನೆ ಚೆನ್ನಾಗಿರುವುದಿಲ್ಲ ಹೇಳು! ಇಲ್ಲಿ ವರ್ಷಕ್ಕೆ 100 ಇಂಚಿಗೂ ಮೇಲೆ ಬೀಳುವ ಊರು.

ನಾನೂ ಹೀಗೇ ಮೋಸ ಹೋದವಳು. ಗದ್ದುಗೆ ರಸ್ತೆಯ ನಮ್ಮ ಬಾಡಿಗೆ ಮನೆ ತಗೊಂಡದ್ದು ಫೆಬ್ರವರಿಯಲ್ಲಿ. ಗೋಡೆಗೆ ಹೊಸ ಬಣ್ಣ, ನೆಲಕ್ಕೆ ಕೆಂಪು ಪಾಲಿಶ್, ಕನ್ನಡಿ ಹಾಗೆ ಹೊಳೆಯುತ್ತಿತ್ತು. ನಿನ್ನ ಮಾವ ಅಂತೂ ಬಾಗಿಲ ಕೆತ್ತನೆ ಮುಟ್ಟಿ ಮುಟ್ಟಿ ನೋಡಿದ್ದೇ ನೋಡಿದ್ದು. ಜೂನ್ ಕೊನೆಗೆ ಬಾಡಿಗೆಯವರು ಫೋನ್ ಮಾಡಿದರು, ಅಕ್ಕಾ, ಮಂಚ ನಾಲ್ಕನೇ ಸಲ ಎಳೆದು ಹಾಕಿದೆವು, ಇನ್ನು ಎಳೆಯಲು ಜಾಗ ಇಲ್ಲ ಅಂತ. ಹೋಗಿ ನೋಡಿದರೆ ಪಡುವಣ ಗೋಡೆ ಸೊಂಟದವರೆಗೆ ಒದ್ದೆ. ಹೆಬ್ಬೆರಳಿನಲ್ಲಿ ಒತ್ತಿದೆ, ಆ ಹೊಸ ಬಣ್ಣ ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಒಳಗೆ ಮಣ್ಣು, ಬೂಸ್ಟು ವಾಸನೆ. ಮಳೆ ಗಾಳಿ ಬರುವುದೇ ಪಡುವಣದಿಂದ ಅಲ್ವಾ, ಅದಕ್ಕೇ ಹಳಬರು ಆ ಕಡೆ ಸೂರು ಉದ್ದ ಇಳಿಸಿ, ಮಳೆಗಾಲಕ್ಕೆ ಪ್ಲಾಸ್ಟಿಕ್ ಕಟ್ಟುವುದು. ಮಾರಿದವರು ಹೊಸ ಗೇಟು ಕೂರಿಸಲು ಸೂರನ್ನು ಒಂದೂವರೆ ಅಡಿ ಕತ್ತರಿಸಿದ್ದರು. ಅಷ್ಟೇ ಆದದ್ದು.

ಮಾಡಿನದ್ದು, ಅಂದರೆ ಹೆಂಚಿನ ಛಾವಣಿಯದ್ದು, ಬೇರೆ ಕತೆ. ಅಟ್ಟಕ್ಕೆ ಟಾರ್ಚು ಹಿಡಿದು ಹತ್ತಿದೆ. ಎರಡು ಮಾಡು ಸೇರುವ ಮೂಲೆಯ ತಗಡು ತುಕ್ಕು ಹಿಡಿದು ಜರಡಿ ಆಗಿತ್ತು. ಅದರ ಕೆಳಗೆ ಹಿಂದಿನವರು ಇಟ್ಟು ಹೋದ ಎರಡು ಬಣ್ಣದ ಡಬ್ಬ, ತುಂಬ ನೀರು! ಅಂದರೆ ಅವರಿಗೆ ಗೊತ್ತಿತ್ತು. ಪಕಾಸಿನ, ಅಂದರೆ ಮಾಡು ಹೊರುವ ಇಳಿಜಾರು ಮರದ, ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು, ಗೆದ್ದಲು. ಹೆಂಚು ಇಳಿಸಿ, ಹದಿನಾಲ್ಕು ಪಕಾಸು ಬದಲಿಸಿ, ಹೆಂಚು ಕೂರುವ ರೀಪು ಪಟ್ಟಿ ಹೊಡೆಸಿ, ಮತ್ತೆ ಹೆಂಚು ಏರಿಸುವ ಹೊತ್ತಿಗೆ ಮೂರು ವರ್ಷದ ಬಾಡಿಗೆ ಮಾಡಿಗೇ ಹೋಯಿತು. ಹಳೆ ಹೆಂಚಿನ ಕೆಲಸ ಗೊತ್ತಿರುವ ಬಡಗಿಗಳೂ ಈಗ ಕಡಿಮೆ. ಇದ್ದವರು ಕಾಫಿ ಕುಯ್ಲಿನ ಸಮಯದಲ್ಲಿ ಸಿಕ್ಕುವುದಿಲ್ಲ.

ಹೆಂಚು ಅಂದಾಗ ನೆನಪಾಯಿತು. ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚು ಇರುವ ಫೋಟೋ ಹಾಕಿ, ನೂರೈವತ್ತು ವರ್ಷದ ಮನೆ ಅತ್ತೆ ಅಂದೆಯಲ್ಲ? ಅಯ್ಯೋ ಪುಟ್ಟಾ, ಅದು ಮಂಗಳೂರಿನಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ನಿನ್ನ ಮನೆ ಕಟ್ಟಿದ್ದಲ್ಲ. ಆ ಅಚ್ಚಿನ ಹೆಂಚು ಎಷ್ಟೋ ವರ್ಷ ಬಂತು. ಬ್ರೋಕರ್ ಆ ಇಸವಿ ತೋರಿಸಿ ರೇಟು ಏರಿಸಿದ್ದರೆ ಈ ಮಾತು ಅವನಿಗೂ ಹೇಳು. ಕೊಡಗಿನ ಅರಸ ಮುದ್ದುರಾಜ 1681ರಲ್ಲಿ ಕಟ್ಟಿದ ಊರು ಇದು, ಯಾವ ಸಂದಿಗೆ ಹೋದರೂ ಇತಿಹಾಸ ಉಂಟು. ಬಾಡಿಗೆಯವರು ಅದಕ್ಕೆ ಐದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಕೋಟೆ ಹತ್ತಿರ ಇನ್ನೊಂದು ಮನೆ ನೋಡಿದ್ದೆ ಅಂದೆಯಲ್ಲ, ಅದಕ್ಕೆ ಕೈ ಹಾಕುವ ಮೊದಲು ದೂರ ಅಳೆಸು. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಕೇಳಬೇಕು. ಅಲ್ಲಿಂದಾಚೆ ಇನ್ನೂ 200 ಮೀಟರ್ ಕಟ್ಟಲು ಅನುಮತಿ ಬೇಕು.

ಲೆಕ್ಕಕ್ಕೆ ಬರುತ್ತೇನೆ. ಬಾಡಿಗೆ 7,500 ಮತ್ತು 6,500, ತಿಂಗಳಿಗೆ 14,000. ವರ್ಷಕ್ಕೆ 1 ಲಕ್ಷ 68 ಸಾವಿರ. ಕೊಡುವುದು 62 ಮಾತ್ರ ಅಲ್ಲ. ಮುದ್ರಾಂಕ ಶುಲ್ಕ ಸೆಸ್ಸು ಎಲ್ಲ ಸೇರಿ 5.6 ಪರ್ಸೆಂಟ್, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್ ಆಗಿದೆ. ಹತ್ತಿರ ಹತ್ತಿರ 4 ಲಕ್ಷದ 71 ಸಾವಿರ ಅದಕ್ಕೇ ಹೋಯಿತು. ಎಲ್ಲ ಸೇರಿಸಿ ನೋಡಿದರೆ ನೂರಕ್ಕೆ ಎರಡೂವರೆ ಬೀಳುತ್ತದೆ, ಕಂದಾಯ, ಮಾಡಿನ ಖರ್ಚು ಕಳೆಯುವ ಮೊದಲೇ. ಎಫ್‌ಡಿಯಲ್ಲಿ ಇಟ್ಟು ಸುಮ್ನೆ ಕೂತರೂ ಅದಕ್ಕಿಂತ ಜಾಸ್ತಿ ಬರುತ್ತದೆ. ಆದ್ದರಿಂದ 62 ಸುತಾರಾಂ ಬೇಡ. ಮಾಡು ಕೆಟ್ಟಿದ್ದರೆ 53, ಚೆನ್ನಾಗಿದ್ದರೆ 56, ಅದರ ಮೇಲೆ ಬಾಯಿ ಬಿಡಬೇಡ. 50 ಲಕ್ಷ ಅಥವಾ ಅದರ ಮೇಲಾದರೆ ಮಾರುವವರ ದುಡ್ಡಿನಲ್ಲಿ 1 ಪರ್ಸೆಂಟ್ ಟಿಡಿಎಸ್ ತೆರಿಗೆ ಹಿಡಿದು ನೀನೇ ಸರ್ಕಾರಕ್ಕೆ ಕಟ್ಟಬೇಕು, ಮರೆತರೆ ನೋಟಿಸ್ ಬರುವುದು ನಿನಗೆ.

ಕಾಗದ ಪತ್ರದ ವಿಷಯದಲ್ಲಿ ಹಳೆ ಪೇಟೆ ಒಂದು ರೀತಿಯಲ್ಲಿ ಸಲೀಸು. ಊರಂಚಿನಲ್ಲಿ ಗದ್ದೆಗೆ ಸೇರಿದ ಬಾಣೆ ಜಾಗವನ್ನು ಮನೆ ಜಾಗಕ್ಕೆ ಪರಿವರ್ತನೆ ಮಾಡದೆ ಸೈಟಾಗಿ ಮಾರುವ ತಲೆನೋವು ಇಲ್ಲಿ ಕಡಿಮೆ. ತೊಂದರೆ ಇರುವುದು ವಾರಸುದಾರರದ್ದು. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ನಮಗೆ ಇದಕ್ಕಿಂತ ಮೊದಲು ಒಂದು ಮನೆಗೆ 3 ಲಕ್ಷ ಅಡ್ವಾನ್ಸ್ ಕೊಟ್ಟು ಎರಡು ವರ್ಷ ಸಿಕ್ಕಿಹಾಕಿಕೊಂಡಿತ್ತು. ನಾಲ್ಕು ಗಂಡುಮಕ್ಕಳು ಸಹಿ ಹಾಕಿದ್ದರು. ಮುಂಬೈಯಲ್ಲಿದ್ದ ಮಗಳನ್ನು ಯಾರೂ ಕೇಳಿರಲೇ ಇಲ್ಲ! 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಪ್ಪ ಆ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆಕೆ ಕೇಳಿದ್ದು ನ್ಯಾಯವೇ, ನಮ್ಮ ದುಡ್ಡು ಸಿಕ್ಕಿಕೊಂಡಿತು ಅಷ್ಟೇ. ನೀನು ಮೊದಲು ವಂಶವೃಕ್ಷ ಕೇಳು, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಎಣಿಸು. ಆಮೇಲೆ 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ, ನಗರಸಭೆಯ ಇ-ಖಾತಾ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ.

ಇರುವ ಬಾಡಿಗೆಯವರ ಜೊತೆ ನೀನೇ ಕೂತು ಮಾತಾಡು, ಬ್ರೋಕರ್ ಇಲ್ಲದಾಗ. ಅಡ್ವಾನ್ಸ್ ಎಷ್ಟು ಕೊಟ್ಟಿದ್ದಾರೆ, ಯಾರ ಹತ್ತಿರ ಉಂಟು, ಅದು ಬಾಡಿಗೆಯಾ ಇಲ್ಲ ಭೋಗ್ಯವಾ ಕೇಳು. ಭೋಗ್ಯಕ್ಕಾದರೆ ಆ ಇಡಿಗಂಟು ಕೊಡುವವನು ನೀನಾಗುತ್ತೀಯ. ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತಲೂ ಅವರೇ ಸರಿಯಾಗಿ ಹೇಳುವುದು. ಯಾವ ಮೂಲೆಗೆ ಬಕೆಟ್ ಇಡುತ್ತಾರೆ ಅಂತಲೂ.

ದಸರಾ ಗಲಾಟೆ ಆಗುವುದಿಲ್ಲವಾ ಅಂತ ಅತ್ತಿಗೆ ಕೇಳಿದ್ದಾರೆ. ಆಗುತ್ತದೆ ಅತ್ತಿಗೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನದ ಮಂಟಪ ಮೆರವಣಿಗೆ ಹೊರಟರೆ ಬೆಳಗಿನವರೆಗೆ ಯಾರಿಗೂ ನಿದ್ದೆ ಇಲ್ಲ. ಆದರೆ ಕರಗ ಬರುವ ದಿನ ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟು ಕಾಯುವುದಿದೆಯಲ್ಲ, ಆ ಖುಷಿಗೇ ನಮ್ಮ ಬಾಡಿಗೆಯವರು ಆರು ವರ್ಷದಿಂದ ಮನೆ ಬಿಟ್ಟಿಲ್ಲ.

ಪುಟ್ಟಾ, ಈಗ ಅಡ್ವಾನ್ಸ್ ಕೊಡಬೇಡ. ಬೇರೆಯವರು ತಗೊಂಡರೆ ತಗೊಳ್ಳಲಿ. ಆಗಸ್ಟ್ 3ಕ್ಕೆ ಆಟಿ ತಿಂಗಳ ಹದಿನೆಂಟನೇ ದಿನ, ಆಟಿ ಸೊಪ್ಪಿನ ಪಾಯಸ ಮಾಡುತ್ತೇನೆ, ಹಿಂದಿನ ದಿನವೇ ಬಾ. ಮಳೆ ಸುರಿಯುವಾಗಲೇ ಹೋಗಿ ಆ ಮನೆ ಅಟ್ಟ ಹತ್ತೋಣ. ಟಾರ್ಚು, ಸ್ಕ್ರೂಡ್ರೈವರ್ ನನ್ನ ಹತ್ತಿರ ಉಂಟು. ಬಿಳಿ ಶರ್ಟು ಮಾತ್ರ ಹಾಕಿಕೊಂಡು ಬರಬೇಡ. ಅಟ್ಟದ ಮಸಿಯೂ ಹೋಗುವುದಿಲ್ಲ, ಪಾಯಸದ ಬಣ್ಣವೂ ಹೋಗುವುದಿಲ್ಲ.