ಪೋರ್ಟಬಲ್ ಹಾರ್ಡ್ ಡಿಸ್ಕ್ ಓಪನ್ ಆಗ್ತಿಲ್ಲ, ಡೇಟಾ ವಾಪಸ್ ತೆಗೆದಿರೋರು ಇದ್ದೀರಾ?

1 ಟಿಬಿ ಪೋರ್ಟಬಲ್ ಡಿಸ್ಕು. ಲ್ಯಾಪ್‌ಟಾಪಿಗೆ ಹಾಕಿದ್ರೆ ಲೈಟ್ ಬರತ್ತೆ, ವಿಂಡೋಸ್‌ನಲ್ಲಿ ಡ್ರೈವ್ ಕಾಣತ್ತೆ, ಆದ್ರೆ ಕ್ಲಿಕ್ ಮಾಡಿದ್ರೆ ತುಂಬ ಹೊತ್ತು ಸುತ್ತಿ ಆಮೇಲೆ ಫಾರ್ಮ್ಯಾಟ್ ಮಾಡಿ ಅನ್ನತ್ತೆ. ಅಪ್ಪನ ಫೋಟೋಗಳೆಲ್ಲ ಅದ್ರಲ್ಲೇ ಇವೆ, ಬೇರೆ ಕಾಪಿ ಇಲ್ಲ. ಚೆಕ್‌ಡಿಸ್ಕ್ ಓಡಿಸ್ಲಾ, ರಿಕವರಿ ಸಾಫ್ಟ್‌ವೇರ್ ಹಾಕ್ಲಾ? ಇಂಥದ್ದು ಆದವರು ಏನ್ ಮಾಡಿದ್ರಿ ಹೇಳಿ ಪ್ಲೀಸ್.

—

ಫಾರ್ಮ್ಯಾಟೂ ಬೇಡ, ಚೆಕ್‌ಡಿಸ್ಕೂ ಬೇಡ. ಚೆಕ್‌ಡಿಸ್ಕ್ ಇರೋದು ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ) ಸರಿ ಮಾಡೋಕೆ, ನಿಮ್ಮ ಫೋಟೋ ಉಳಿಸೋಕಲ್ಲ, ರಿಪೇರಿ ಅಂತ ಅದೇ ಡಿಸ್ಕ್ ಮೇಲೆ ಬರೀತಾ ಹೋಗತ್ತೆ, ತಲೆಬುಡ ಗೊತ್ತಾಗದ ಎಂಟ್ರಿಗಳನ್ನ ಕಿತ್ತೂ ಹಾಕತ್ತೆ. ಸಾಯ್ತಿರೋ ಡಿಸ್ಕ್ ಮೇಲೆ ಒಂದಕ್ಷರನೂ ಬರೀಬಾರ್ದು.

ಮೊದಲು ಕಿವಿ ಕೊಟ್ಟು ಕೇಳಿ. ಟಕ್ ಟಕ್ ಅಂತ ಒಂದೇ ಸಮ ಬಡ್ಕೊಳ್ತಿದ್ರೆ ತಕ್ಷಣ ತೆಗೆದುಬಿಡಿ, ಅದು ಹೆಡ್ (ಡೇಟಾ ಓದೋ ಭಾಗ) ಸಮಸ್ಯೆ ಇರಬಹುದು, ಓಡಿಸಿದಷ್ಟೂ ಪ್ಲ್ಯಾಟರ್ (ಡೇಟಾ ಇರೋ ತಟ್ಟೆ) ಗೀರಿ ಹೋಗೋ ಸಾಧ್ಯತೆ ಇದೆ, ಗೀರಿದ ಜಾಗದ ಡೇಟಾನ ಯಾವ ಲ್ಯಾಬೂ ತರೋಕಾಗಲ್ಲ. ಶಬ್ದ ಮಾಮೂಲಾಗಿದ್ರೆ ಡಿಸ್ಕ್ ಪರೀಕ್ಷೆ ಮಾಡೋ ಪ್ರೋಗ್ರಾಂ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸ್ಮಾರ್ಟ್ ರೀಡಿಂಗ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟಿರೋ ಲೆಕ್ಕ) ನೋಡಿ, 05, ಸಿ5, ಸಿ6 ಈ ಮೂರು ಸಾಲು ಮುಖ್ಯ. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೇನಾದ್ರೂ ಇದ್ರೆ ಓದೋಕಾಗದೆ ಕಾಯ್ತಿರೋ, ಡೇಟಾ ಇಡೋ ಸಣ್ಣ ತುಣುಕುಗಳು ಅಂದ್ರೆ ಸೆಕ್ಟರ್‌ಗಳಿವೆ ಅಂತ. ಅಂಥ ಡಿಸ್ಕ್ ಮೇಲೆ ನೇರವಾಗಿ ರಿಕವರಿ ಸಾಫ್ಟ್‌ವೇರ್ ಓಡಿಸಿದ್ರೆ ಒಂದು ಕೆಟ್ಟ ಸೆಕ್ಟರ್ ಸಿಕ್ಕಿದಾಗ ಅಲ್ಲೇ ಗಿಂಜಾಡ್ತಾ ಕೂರತ್ತೆ, ಅಷ್ಟರಲ್ಲಿ ಚೆನ್ನಾಗಿರೋ ಭಾಗನೂ ಕೈಬಿಟ್ಟು ಹೋಗಬಹುದು.

ನನ್ನ ತಂಗಿ ಡಿಸ್ಕ್ ಹೀಗೇ ಆದಾಗ ಉಳಿಸಿದ್ದು ಡಿಡಿರೆಸ್ಕ್ಯೂ, ಫ್ರೀ ಟೂಲು. ಲಿನಕ್ಸ್ ಪೆನ್‌ಡ್ರೈವಿಂದ ಬೂಟ್ ಮಾಡಿ ಇಡೀ ಡಿಸ್ಕನ್ನ ಇನ್ನೊಂದು ದೊಡ್ಡ ಡಿಸ್ಕಿಗೆ ಇಮೇಜ್ (ಇದ್ದದ್ದು ಇದ್ದಂಗೇ ಪೂರ್ತಿ ನಕಲು) ತೆಗೆದ್ವಿ. ಅದರ ಜಾಣತನ ಏನಂದ್ರೆ ಸಲೀಸಾಗಿ ಓದೋಕಾಗೋ ಜಾಗನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗ ಹಾರಿಸಿಕೊಂಡು ಹೋಗಿ, ಕೊನೆಗೆ ಅದರ ಹತ್ರ ವಾಪಸ್ ಬರತ್ತೆ. ಎಲ್ಲಿವರೆಗೆ ಆಯ್ತು ಅನ್ನೋದನ್ನ ಮ್ಯಾಪ್ ಫೈಲಲ್ಲಿ ಬರೆದಿಡತ್ತೆ, ಹಾಗಾಗಿ ಮಧ್ಯ ನಿಂತ್ರೂ ಮೊದಲಿಂದ ಶುರು ಮಾಡ್ಬೇಕಿಲ್ಲ, ಮ್ಯಾಪ್ ಫೈಲ್ ಕೊಡೋದು ಮಾತ್ರ ಮರೀಬೇಡಿ. ಇನ್ನೊಂದು, ಯಾವುದು ಹಳೇ ಡಿಸ್ಕು ಯಾವುದು ಹೊಸದು ಅಂತ ಸೈಜ್ ಮತ್ತು ಮಾಡೆಲ್ ನೋಡಿ ಖಚಿತ ಮಾಡ್ಕೊಂಡೇ ಎಂಟರ್ ಒತ್ತಿ, ತಿರುಗಾಮುರುಗಾ ಆದ್ರೆ ಖಾಲಿ ಡಿಸ್ಕ್ ಬಂದು ಫೋಟೋಗಳ ಮೇಲೆ ಕೂರತ್ತೆ!

ಇಮೇಜ್ ಆದ್ಮೇಲೆ ಒರಿಜಿನಲ್ ತೆಗೆದಿಡಿ, ಮಿಕ್ಕ ಆಟ ಎಲ್ಲ ಕಾಪಿ ಮೇಲೆ. ಮೊದಲು ಟೆಸ್ಟ್‌ಡಿಸ್ಕ್, ಆ ಟೂಲಲ್ಲಿ ಫೋಟೋಗಳು ಫೋಲ್ಡರ್ ಸಮೇತ ಕಾಣಿಸಿದ್ರೆ ಅಲ್ಲಿಂದಲೇ ಕಾಪಿ ಮಾಡ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಫೋಟೋರೆಕ್, ಅದು ಫೈಲ್ ಸಿಸ್ಟಮ್ ಕಡೆ ನೋಡದೆ ಜೆಪೆಗ್ ಎಲ್ಲಿ ಶುರುವಾಗತ್ತೆ ಅಂತ ಹುಡುಕಿ ಎತ್ತತ್ತೆ, ಹೆಸರು ಫೋಲ್ಡರ್ ಎಲ್ಲ ಹೋಗತ್ತೆ. ಆದ್ರೆ ಕ್ಯಾಮೆರಾ ಫೋಟೋ ಆದ್ರೆ ತೆಗೆದ ತಾರೀಖು ಫೈಲ್ ಒಳಗೇ ಇರತ್ತಲ್ಲ, ಅದನ್ನಿಟ್ಟು ವರ್ಷವಾರು ಜೋಡಿಸ್ಬಹುದು, ತಂಗಿ ಹಾಗೇ ಮಾಡಿದ್ಲು.

—

ಕೇಬಲ್ ಬದಲಾಯಿಸಿ ನೋಡಿದ್ರಾ? ನನ್ನದು ಹಬ್‌ಗೆ ಹಾಕಿದ್ರೆ ಬಿಟ್ಟು ಬಿಟ್ಟು ಬರ್ತಿತ್ತು, ಬೇರೆ ಕೇಬಲಲ್ಲಿ ನೇರ ಲ್ಯಾಪ್‌ಟಾಪಿಗೆ ಹಾಕಿದ್ಮೇಲೆ ಸರಿಹೋಯ್ತು. ಕರೆಂಟ್ ಸಾಲದೆ ಇದ್ರೂ ಹೀಗಾಗತ್ತೆ, ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಆದ್ರೆ 900. ಒಂದ್ಸಲ ನೋಡಿ ಅಷ್ಟೇ, ಹತ್ತು ಸಲ ಚುಚ್ಚಿ ತೆಗೆದು ಮಾಡ್ಬೇಡಿ.

—

ಕೇಸ್ ಬಿಚ್ಚಿ ಒಳಗಿನ ಡಿಸ್ಕನ್ನ ಬೇರೆ ಎನ್‌ಕ್ಲೋಷರ್‌ಗೆ ಹಾಕಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಸ್ವಲ್ಪ ತಡೀರಿ. ಕೆಲವು ಪೋರ್ಟಬಲ್‌ಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕಿನ ಬೋರ್ಡ್ ಮೇಲೇ ಬೆಸೆದಿರತ್ತೆ, ಬೇರೆ ಕೇಸಿಗೆ ಜೋಡಿಸೋಕೆ ಬೇಕಾದ ಸಾಟಾ ಕನೆಕ್ಟರೇ ಇರಲ್ಲ. ಇನ್ನು ಕೆಲವದ್ರಲ್ಲಿ ಆ ಯುಎಸ್‌ಬಿ ಚಿಪ್ಪೇ ಡೇಟಾನ ಎನ್‌ಕ್ರಿಪ್ಟ್ ಮಾಡಿ ಬರೆದಿರತ್ತೆ, ನೀವು ಪಾಸ್‌ವರ್ಡ್ ಇಡದಿದ್ರೂ. ಬೇರೆ ಎನ್‌ಕ್ಲೋಷರಲ್ಲಿ ಬರೀ ಕಸ ಕಾಣತ್ತೆ. ಅದೇ ಮಾಡೆಲ್ ಬೋರ್ಡ್ ತಂದು ಹಾಕಿದ್ರೂ ಹೊಸ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಡೆಯಲ್ಲ, ಹಳೇ ಬೋರ್ಡಿನ ರೋಮ್ ಚಿಪ್ಪಲ್ಲಿ ಆ ಡಿಸ್ಕಿಗೇ ಅಂತ ಬರೆದಿರೋ ಡೇಟಾ ಹೊಸದಕ್ಕೆ ಹೋಗ್ಬೇಕು. ಫ್ರೀಜರಲ್ಲಿಡೋ ಐಡಿಯಾ ಅಂತೂ ಬೇಡವೇ ಬೇಡ, ಹೊರಗೆ ತೆಗೆದಾಗ ಒಳಗೆ ತೇವ ಕಟ್ಟತ್ತೆ.

ನಮ್ಮ ಮನೆ ಡಿಸ್ಕ್ ಕೆಳಗೆ ಬಿದ್ದು ಟಕ್ ಟಕ್ ಅಂತಿತ್ತು, ಸೀದಾ ಲ್ಯಾಬಿಗೆ ಕೊಟ್ವಿ, ಕ್ಲೀನ್‌ರೂಮಲ್ಲಿ ಹೆಡ್ ಬದಲಾಯಿಸಿ ತೆಗೆದ್ರು, ಎಲ್ಲ ಬರ್ಲಿಲ್ಲ, ಬಹುಪಾಲು ಬಂತು. ಖರ್ಚು ಜಾಸ್ತಿ, ಅದು ನಿಜ. ಕೊಡೋ ಮುಂಚೆ ಡೇಟಾ ಬರದಿದ್ರೆ ಏನು ಚಾರ್ಜು ಅಂತ ಬರಹದಲ್ಲಿ ತಗೊಳ್ಳಿ, ದುಡ್ಡು ಪೂರ್ತಿ ಕಟ್ಟೋ ಮುಂಚೆ ಸಿಕ್ಕಿರೋ ಫೈಲ್‌ಗಳ ಪಟ್ಟಿ ಕೇಳಿ. ಅಪ್ಪನ ಫೋಟೋ ಇರೋ ಫೋಲ್ಡರ್ ಹೆಸರು ನೆನಪಿದ್ರೆ ಮೊದಲೇ ಹೇಳಿಬಿಡಿ, ಹೆಡ್ ಎಷ್ಟು ಹೊತ್ತು ತಾಳತ್ತೋ ಅಷ್ಟರಲ್ಲಿ ಅದನ್ನೇ ಮೊದಲು ಓದಿಸೋಕೆ ಟ್ರೈ ಮಾಡ್ತಾರೆ.