ಪದಚರ್ಚೆ: 'ಮಾರ್ಕೆಟ್ ಟೌನ್' ಅಂದರೆ ಸಂತೆಯೂರು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್ಡನ್ ಊರಿನ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಗ್ಲಾಸ್ಟರ್‌ಶೈರ್‌ನ ಕಾಟ್ಸ್‌ವೋಲ್ಡ್ ಗುಡ್ಡಗಳ ನಡುವೆ, ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳ ಸಣ್ಣ ಊರು. ಸಂತೆ ನಡೆಸುವ ಹಕ್ಕು ಪಡೆದಿದ್ದ ಇಂಥ ಊರನ್ನು ಅಲ್ಲಿ 'ಮಾರ್ಕೆಟ್ ಟೌನ್' ಅನ್ನುತ್ತಾರೆ. 'ಮಾರುಕಟ್ಟೆ ಪಟ್ಟಣ' ಅಂತ ಬರೆದರೆ ನಮಗೆ ಎಪಿಎಂಸಿ ಯಾರ್ಡು ಕಣ್ಣಿಗೆ ಬರುತ್ತದೆ. 'ಪೇಟೆ' ಅಂದರೆ ದಿನಾ ಬಾಗಿಲು ತೆರೆಯುವ ಅಂಗಡಿಸಾಲು. 'ಕಸಬಾ' ಹೋಬಳಿಯ ಹೆಸರಾಗಿ ಕಂದಾಯದ ಕಾಗದ ಸೇರಿಬಿಟ್ಟಿದೆ. ನನಗೆ ಹಿಡಿಸಿದ್ದು 'ಸಂತೆಯೂರು'.

ಊರಿನ ಹೆಸರೇ ಇದಕ್ಕೆ ಸಾಕ್ಷಿ. 'ಚಿಪ್ಪಿಂಗ್' ಬಂದಿರುವುದು ಹಳೆಯ ಇಂಗ್ಲಿಷಿನಲ್ಲಿ ಸಂತೆ, ವ್ಯಾಪಾರ ಎಂಬ ಅರ್ಥವಿದ್ದ ಪದದಿಂದ. ಲಂಡನ್ನಿನ ಚೀಪ್‌ಸೈಡ್ ಬೀದಿಗೂ, ನಾವು ಆಡುವ 'ಚೀಪ್' ಮಾತಿಗೂ ಬೇರು ಅದೇ. ಪಕ್ಕದಲ್ಲೇ ಬ್ರಾಡ್ ಕ್ಯಾಂಪ್ಡನ್ ಎಂಬ ಹಳ್ಳಿ ಇದೆ. ಸಂತೆ ಕೂಡುತ್ತಿದ್ದ ಕ್ಯಾಂಪ್ಡನ್ ಅಂದರೆ ಚಿಪ್ಪಿಂಗ್ ಕ್ಯಾಂಪ್ಡನ್. ಚಿಪ್ಪಿಂಗ್ ನಾರ್ಟನ್, ಚಿಪ್ಪಿಂಗ್ ಸಾಡ್‌ಬರಿ ಕೂಡ ಹೀಗೇ. ನಮ್ಮ ಸಂತೆಬೆನ್ನೂರು, ಸಂತೆಮರಹಳ್ಳಿ, ಸಂತೆಬಾಚಹಳ್ಳಿಗಳನ್ನು ನೆನೆಸಿಕೊಳ್ಳಿ. ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ?

ಆದರೂ ಒಂದು ತೊಡಕಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸುಮ್ನೆ ಜನ ಸೇರಿದರೆ ಸಂತೆ ಆಗುತ್ತಿರಲಿಲ್ಲ. ಸಂತೆ ನಡೆಸುವ ಹಕ್ಕನ್ನು ರಾಜ ಕೊಡಬೇಕಿತ್ತು, ಸುಂಕ ಎತ್ತುವ ಅಧಿಕಾರ ಆ ಹಕ್ಕಿನ ಜೊತೆಗೇ ಬರುತ್ತಿತ್ತು. ನಮ್ಮ ಶಾಸನಗಳಲ್ಲೂ ಸಂತೆಯ ಸುಂಕದ ಮಾತು ಬರುತ್ತದೆ, ಊರಿನ ವರ್ತಕರ ಮುಖ್ಯಸ್ಥನಾದ ಪಟ್ಟಣಸ್ವಾಮಿಯೂ ಬರುತ್ತಾನೆ. ಹಾಗಾಗಿ ಆ ಹಕ್ಕು ಕೊಡುವ ರಾಜನ ಪತ್ರಕ್ಕೆ 'ಸಂತೆ ಸನ್ನದು' ಅಂದುಕೊಂಡಿದ್ದೇನೆ. 'ಸನ್ನದು' ತೀರಾ ಈಚಿನ ಪದವಾಯಿತೇ? ಶಾಸನ ಓದಿದವರು ಹೇಳಬೇಕು.

ಇನ್ನು ಉಣ್ಣೆ. ಊರಿಗೆ ಸಿರಿ ಬಂದದ್ದೇ ಕುರಿಯಿಂದ. ಕಾಟ್ಸ್‌ವೋಲ್ಡ್ ಕುರಿಗಳ ಉಣ್ಣೆ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ಗೂ ಇಟಲಿಗೂ ಹೋಗುತ್ತಿತ್ತು. ಆ ದುಡ್ಡಿನಲ್ಲಿ ಎದ್ದ ದೊಡ್ಡ ಚರ್ಚುಗಳನ್ನು ಇಂಗ್ಲಿಷರು 'ವೂಲ್ ಚರ್ಚ್' ಅನ್ನುತ್ತಾರೆ. 'ಉಣ್ಣೆ ಚರ್ಚು' ಅಂದರೆ ಕನ್ನಡದಲ್ಲಿ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. 'ಉಣ್ಣೆದುಡ್ಡಿನ ಚರ್ಚು' ಅಂತ ಬಿಡಿಸಿ ಬರೆಯುವುದೇ ಸರಿ ಅಂತ ನನ್ನ ಅನಿಸಿಕೆ. ಕ್ಯಾಂಪ್ಡನ್‌ನ ಸೇಂಟ್ ಜೇಮ್ಸ್ ಚರ್ಚಿನಲ್ಲಿ, 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್ ಎಂಬ ವರ್ತಕನ ಹಿತ್ತಾಳೆಯ ಫಲಕ ಇದೆ. ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲಿ ಇವನು 'ಹೂವು' ಅಂತ ಅದರ ಮೇಲೆ ಲ್ಯಾಟಿನ್ನಿನಲ್ಲಿದೆ. ಕನ್ನಡದ ರೂಢಿಗೆ 'ವರ್ತಕರ ತಿಲಕ' ಒಪ್ಪುತ್ತದೆ. ನಾನಂತೂ ಹೂವನ್ನು ಹೂವಾಗಿಯೇ ಇಡುತ್ತೇನೆ. ಅದು ಅವರ ಮಾತು, ಅದರ ಚೆಲುವು ಹಾಗೇ ಉಳಿಯಲಿ.

ಈಗ ಆ ಸುತ್ತಿನಲ್ಲಿ ವಾರದ ದೊಡ್ಡ ಸಂತೆ ಕೂಡುವುದು ಮೋರ್ಟನ್-ಇನ್-ಮಾರ್ಷ್‌ನಲ್ಲಿ, ಮಂಗಳವಾರ. ಕ್ಯಾಂಪ್ಡನ್‌ಗೆ ಪ್ರವಾಸಿಗಳೇ ಜಾಸ್ತಿ. ಬಾತ್ ಊರಿನವರೆಗೆ 164 ಕಿ.ಮೀ. ಸಾಗುವ ಕಾಲುದಾರಿ ಇಲ್ಲಿಂದಲೇ ಹೊರಡುತ್ತದೆ. ಸಂತೆ ಸಣ್ಣದಾದರೂ ಹೆಸರಲ್ಲಿ ಸಂತೆ ಇದೆ, ಹಾಗಾಗಿ ಸಂತೆಯೂರು ಅನ್ನಲು ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ.

ನನಗೆ ನಿಜಕ್ಕೂ ಪದ ಸಿಗದೆ ಇರುವುದು ಅಲ್ಲಿನ 'ಮಾರ್ಕೆಟ್ ಹಾಲ್'ಗೆ. 1627ರಲ್ಲಿ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ಸಿರಿವಂತ ವರ್ತಕ ಕಟ್ಟಿಸಿದ್ದು. ಮೇಲೆ ಮಾಡು, ಸುತ್ತ ಕಲ್ಲಿನ ಕಮಾನು, ಕೆಳಗೆ ಕಲ್ಲು ಹಾಸಿದ ನೆಲ. ಬೆಣ್ಣೆ, ಚೀಸ್, ಕೋಳಿ ಮಾರುವವರು ಮಳೆಯಲ್ಲಿ ನೆನೆಯದಿರಲಿ ಅಂತ ಕಟ್ಟಿದ ಜಾಗ. ಸಂತೆಮಾಳ ಅಂದರೆ ಬರೀ ಬಯಲು. ಸಂತೆಕಟ್ಟೆಯಲ್ಲಿ ಮಾಡು ಕಾಣುವುದಿಲ್ಲ. 'ಸಂತೆ ಚಾವಡಿ' ಹತ್ತಿರ ಬರುತ್ತದೆ, ಆದರೆ ಚಾವಡಿ ಅಂದಕೂಡಲೇ ಪಂಚಾಯ್ತಿ ನೆನಪಾಗುತ್ತದೆ. ನಿಮ್ಮ ಕಡೆ ಸಂತೆಯಲ್ಲಿ ಹೀಗೆ ಮಾಡು ಇರುವ, ಗೋಡೆ ಇಲ್ಲದ ಕಟ್ಟಡ ಇದ್ದರೆ ಜನ ಅದಕ್ಕೆ ಏನನ್ನುತ್ತಾರೆ? ಊರು, ತಾಲೂಕು ಸಮೇತ ತಿಳಿಸಿದರೆ ಉಪಕಾರ.